ಪರದೆಯ ಕಪ್ಪು, ನಾಗಾತೊಮೊನ ಹೊಟ್ಟೆಕಿಚ್ಚು

ಮಿಯಾಜಾಕಿಯ ನಮ್ಮ ಕಾರ್ಖಾನೆಯಲ್ಲಿ ಕಪ್ಪು ಎಂದರೆ ನಾಗಾತೊಮೊ, ನಾಗಾತೊಮೊ ಎಂದರೆ ಕಪ್ಪು. ಹಾಗೆ ಹೇಳಿದರೆ ಹೊರಗಿನವರು ಅವನ ಮೈಬಣ್ಣದ ಮಾತೆಂದು ತಿಳಿಯುತ್ತಿದ್ದರು. ಮೀನುಗಾರರ ಮನೆಯ ಮಗನಾದ್ದರಿಂದ ಅವನ ಬಣ್ಣವೂ ಸ್ವಲ್ಪ ಗಾಢವೇ. ಆದರೆ ನಾವು ಹೇಳುತ್ತಿದ್ದದ್ದು ಅವನ ಕೆಲಸದ ವಿಷಯ.

ನಾವು ಮಾಡುತ್ತಿದ್ದದ್ದು ಪ್ಲಾಸ್ಮಾ ಟೀವಿಯ ಪರದೆ. ಎರಡು ಗಾಜುಗಳ ನಡುವೆ ಲಕ್ಷಾಂತರ ಪುಟ್ಟ ಗೂಡುಗಳು, ಪ್ರತಿ ಗೂಡಿನಲ್ಲೂ ಒಂದು ಉಸಿರಿನಷ್ಟು ಅನಿಲ. ಕಿಡಿ ಕೊಟ್ಟರೆ ಗೂಡು ಬೆಳಗುತ್ತದೆ. ಆದರೆ ಸುಮ್ಮನೆ ಮಲಗಿದ ಗೂಡು ಕರೆದ ಕೂಡಲೇ ಏಳುವುದಿಲ್ಲ. ಅದನ್ನು ಎಚ್ಚರವಾಗಿಡಲು ಆಗಾಗ ಒಂದು ಸಣ್ಣ ಕಿಡಿ ಕೊಡುತ್ತಲೇ ಇರಬೇಕು. ಆ ಸಣ್ಣ ಕಿಡಿಯಿಂದಲೇ ಕಪ್ಪು ಕೆಡುತ್ತಿತ್ತು. ಪರದೆಯ ಮೇಲೆ ರಾತ್ರಿಯ ಆಕಾಶ ಬಂದರೆ ಅದು ಒಲೆಯ ಬೂದಿಯಂತೆ ಕಾಣುತ್ತಿತ್ತು. ನಾಗಾತೊಮೊ ತನ್ನ ಯೌವನವನ್ನೆಲ್ಲ ಸುರಿದದ್ದು ಈ ಬೂದಿಯ ಮೇಲೆ. ಕಿಡಿಯನ್ನು ಕಡಿಮೆ ಮಾಡಿದ, ಮೆತ್ತಗೆ ಮಾಡಿದ, ಒಂದು ಚಿತ್ರಕ್ಕೆ ಒಂದೇ ಕಿಡಿ ಸಾಕೆನ್ನುವಂತೆ ಮಾಡಿದ. ಬೂದಿ ಇದ್ದಿಲಾಯಿತು, ಇದ್ದಿಲು ಕಾಡಿಗೆಯಾಯಿತು.

ಗಾಜಿಗೆ ಬಣ್ಣದ ಪುಡಿ ಬಳಿಯುವ ವಿಭಾಗದವಳು ನಾನು, ಹಾಮಾಸುನ. ನನ್ನ ಮೇಜು ಅವನ ಮೇಜಿನ ಪಕ್ಕದಲ್ಲೇ ಇತ್ತು. ಅತಿಥಿಗಳು ಬಂದಾಗ ನಮ್ಮ ಮುಖ್ಯಸ್ಥ ಕವಾಸೊಯೆ ಅವರನ್ನು ಕತ್ತಲೆ ಕೋಣೆಗೆ ಕರೆದೊಯ್ದು, ದೀಪ ಆರಿಸಿ, "ಎಲ್ಲಿ, ಟೀವಿ ಎಲ್ಲಿದೆ ಹೇಳಿ ನೋಡೋಣ?" ಎನ್ನುತ್ತಿದ್ದರು. ಅತಿಥಿಗಳು ಕೈಚಾಚಿ ತಡಕಾಡುವರು. ಟೀವಿ ಬರೀ ಕಪ್ಪು ಚಿತ್ರ ತೋರಿಸುತ್ತ ಅವರ ಮೂಗಿನ ಮುಂದೆ ಉರಿಯುತ್ತಲೇ ಇರುತ್ತಿತ್ತು. ನಾಗಾತೊಮೊ ಮೂಲೆಯಲ್ಲಿ ನಿಂತು ಒಂದು ಸಲ ಕೆಮ್ಮುವನು. ಅದು ಅವನ ಹೆಮ್ಮೆಯ ಕೆಮ್ಮು.

ಹೀಗಿರುವಾಗ ಕಾಗೋಶಿಮಾ ಕಡೆಯ ಇಜಿಚಿ ಬಂದ. ಬೇರೊಂದು ಕಾರ್ಖಾನೆ ಮುಚ್ಚಿ, ಅಲ್ಲಿಂದ ನಮಗೆ ಸಿಕ್ಕಿದವನು. ದೊಡ್ಡ ಗಂಟಲು, ದೊಡ್ಡ ನಗು, ಕೆಲಸ ಮಾಡುವಾಗ ಗುನುಗುವ ಚಾಳಿ. ಬಂದ ದಿನವೇ ನಮ್ಮ ಪರದೆಯ ಮುಂದೆ ನಿಂತ. ಪರದೆಯ ಮೇಲೆ ಒಬ್ಬ ಹುಡುಗಿ ನಿಧಾನವಾಗಿ ತಲೆ ತಿರುಗಿಸುತ್ತಿದ್ದಳು.

"ಅಯ್ಯೋ, ಈ ಹುಡುಗಿ ಕೆನ್ನೆ ಕೊಳೀತಾ ಇದೆಯಲ್ರೋ!" ಎಂದ.

ನಮಗೆಲ್ಲ ಗೊತ್ತಿದ್ದ ರೋಗವೇ ಅದು. ನಮ್ಮ ಪರದೆಯಲ್ಲಿ ಒಂದು ಚಿತ್ರದ ಬೆಳಕು ಒಂದೇ ಏಟಿಗೆ ಬರುವುದಿಲ್ಲ, ಉದ್ದ ಗಿಡ್ಡ ಮಿನುಗುಗಳಾಗಿ ಬರುತ್ತದೆ. ನಿಂತ ಮುಖದಲ್ಲಿ ಎಲ್ಲ ಕೂಡಿಕೊಳ್ಳುತ್ತವೆ. ಮುಖ ಚಲಿಸಿತೆಂದರೆ ಕಣ್ಣು ಅದರ ಹಿಂದೆ ಓಡುತ್ತದೆ, ಮಿನುಗುಗಳು ಒಂದರ ಮೇಲೊಂದು ಬೀಳದೆ ಪಕ್ಕಕ್ಕೆ ಜಾರುತ್ತವೆ, ಕೆನ್ನೆಯ ಮೇಲೆ ಹಸಿರು ನೇರಳೆ ಗೆರೆಗಳು ಹರಿದಾಡುತ್ತವೆ. ಮನೆಯ ಸೋರುವ ಮೂಲೆಗೆ ಒಗ್ಗಿಕೊಂಡಂತೆ ನಾವು ಅದಕ್ಕೆ ಒಗ್ಗಿಕೊಂಡಿದ್ದೆವು. ಇಜಿಚಿ ಒಗ್ಗಿಕೊಳ್ಳಲಿಲ್ಲ. ಮಿನುಗುಗಳನ್ನು ಒಡೆದು, ಬೇರೆ ಬೇರೆ ರೀತಿಯಲ್ಲಿ ಜೋಡಿಸಿ, ಮಳೆಗಾಲ ಮುಗಿಯುವ ಹೊತ್ತಿಗೆ ಆ ಹುಡುಗಿಯ ಕೆನ್ನೆಯನ್ನು ಬಹುಮಟ್ಟಿಗೆ ವಾಸಿ ಮಾಡಿಬಿಟ್ಟ.

ಅಲ್ಲಿಂದ ಅತಿಥಿಗಳು ಬಂದರೆ ಕವಾಸೊಯೆ ದೀಪ ಆರಿಸುವುದನ್ನೇ ಬಿಟ್ಟರು. "ಬನ್ನಿ ಬನ್ನಿ, ನಮ್ಮ ಹುಡುಗಿ ಮುಖ ನೋಡಿ" ಎನ್ನತೊಡಗಿದರು. ನಾಗಾತೊಮೊ ತನ್ನ ಮೂಲೆಯಲ್ಲಿ ಎಂದಿನಂತೆ ನಿಂತಿರುತ್ತಿದ್ದ. ಕೆಮ್ಮಲು ಈಗ ಕಾರಣವಿರಲಿಲ್ಲ.

ಅವನು ಜಗಳಗಂಟನಲ್ಲ. ಹೊಟ್ಟೆಯುರಿ ಅವನ ಬಾಯಿಂದ ಬರಲಿಲ್ಲ, ಕೈಯಿಂದ ಬಂತು. ಪ್ರತಿ ವಸಂತದಲ್ಲೂ ಅತ್ತೆಯ ಮನೆಯ ಹ್ಯೂಗಾ ಕಿತ್ತಳೆಯನ್ನು ಚೀಲ ತುಂಬ ತಂದು ಎಲ್ಲರ ಮೇಜಿನ ಮೇಲೂ ಇಡುವುದು ಅವನ ರೂಢಿ. ಮರುವರ್ಷದ ವಸಂತದಲ್ಲಿ ಇಜಿಚಿಯ ಮೇಜಿನ ಮುಂದೆ ನಿಂತು, ಚೀಲದೊಳಗೆ ಕೈಯಾಡಿಸಿ, ಹುಡುಕಿ ಹುಡುಕಿ ನೆಲ್ಲಿಕಾಯಿಯಷ್ಟು ಚಿಕ್ಕದೊಂದನ್ನು ತೆಗೆದಿಟ್ಟ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಇಜಿಚಿ ಮಾತ್ರ ಸಿಪ್ಪೆಯ ಒಳಗಿನ ಬಿಳಿ ತಿರುಳಿನ ಸಮೇತ ಹಣ್ಣನ್ನು ಬಾಯಿಗೆ ಹಾಕಿಕೊಂಡು, "ಅಣ್ಣಾ, ಚಿಕ್ಕದೇ ಸಿಹಿ ನೋಡು!" ಎಂದು ಕೂಗಿದ.

ಅಣ್ಣಾ ಅನ್ನಿಸಿಕೊಳ್ಳುವುದೇ ನಾಗಾತೊಮೊಗೆ ಮುಳ್ಳು. "ಯಾವ ಜನ್ಮದ ತಮ್ಮ ಇವನು?" ಎಂದು ನನ್ನ ಬಳಿ ಗೊಣಗಿದ.

ಕಾರ್ಖಾನೆಗೆ ಮನೆಯವರನ್ನು ಕರೆತರುವ ದಿನವೊಂದಿತ್ತು. ನಾಗಾತೊಮೊನ ಹೆಂಡತಿ ಸುಮಿಯೆ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು, ನೇರ ಮಾತಿನವಳು. ಗಂಡ ಅವಳನ್ನು ಹೊಸ ಪರದೆಯ ಮುಂದೆ ನಿಲ್ಲಿಸಿದ. ಅದರ ಮೇಲೆ ರಾತ್ರಿ ಬಂದರಿನಲ್ಲಿ ಆ ಹುಡುಗಿ ನಡೆದು ಬರುತ್ತಿದ್ದಳು. ಮುಖ ಇಜಿಚಿಯದು, ರಾತ್ರಿ ನಾಗಾತೊಮೊನದು.

"ಅಬ್ಬಾ, ಉಸಿರಾಡ್ತಾ ಇದಾಳಲ್ರೀ ಇವಳು! ಇಲ್ಲೇ ನಿಂತಿರೋ ಹಾಗಿದೆ" ಎಂದಳು ಸುಮಿಯೆ.

"ಮತ್ತೆ ಆ ಕಪ್ಪು?"

"ಯಾವ ಕಪ್ಪು?"

"ಅವಳ ಹಿಂದೆ ಇರೋದು."

ಸುಮಿಯೆ ಕಣ್ಣು ಕಿರಿದು ಮಾಡಿ ನೋಡಿದಳು. "ಹಿಂದೆ ಏನೂ ಇಲ್ವಲ್ರೀ" ಎಂದಳು.

ಅವಳು ಹೇಳಿದ್ದಕ್ಕಿಂತ ದೊಡ್ಡ ಹೊಗಳಿಕೆ ಆ ಕೆಲಸಕ್ಕೆ ಇನ್ನೊಂದಿಲ್ಲ. ಅದು ನನಗೆ ಗೊತ್ತು, ಅವನಿಗೂ ಗೊತ್ತಿರಬೇಕು. ಆದರೂ ಮನೆಯಲ್ಲಿ ಅವಳು ಅವನಿಗಿಷ್ಟವೆಂದು ತಣ್ಣನೆಯ ಮಿಸೊ ಸಾರನ್ನು ಅನ್ನದ ಮೇಲೆ ಸುರಿದು ಕೊಟ್ಟರೆ, "ಇಜಿಚಿಗೂ ಒಂದು ಬಟ್ಟಲು ಕಳಿಸು ಹೋಗು" ಎಂದನಂತೆ. "ನಾನೇನ್ ತಪ್ಪು ಮಾಡಿದೆ ಹಾಮಾಸುನ? ಚೆನ್ನಾಗಿದೆ ಅಂದಿದ್ದು ತಪ್ಪಾ?" ಎಂದು ಸುಮಿಯೆ ಮಾರುಕಟ್ಟೆಯಲ್ಲಿ ಸಿಕ್ಕಾಗ ನನ್ನನ್ನು ಕೇಳಿದಳು.

ಮುಂದಿನದು ಇನ್ನೂ ಇಕ್ಕಟ್ಟು. ಒಂದು ಚಿತ್ರಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ ಅರವತ್ತನೇ ಒಂದು ಭಾಗ. ಎಚ್ಚರದ ಕಿಡಿ, ಯಾವ ಗೂಡು ಬೆಳಗಬೇಕೆಂಬ ಅಪ್ಪಣೆ, ಬೆಳಕು, ಮೂರೂ ಅದರಲ್ಲೇ ಆಗಬೇಕು. ಒಂದೇ ನಲ್ಲಿಗೆ ಮೂರು ಮನೆ ಇದ್ದಂತೆ. ಕೆನ್ನೆಯ ಉಳಿದ ಗೆರೆಗಳೂ ಹೋಗಬೇಕಾದರೆ ಇಜಿಚಿಗೆ ಇನ್ನಷ್ಟು ಮಿನುಗುಗಳು ಬೇಕಿದ್ದವು, ಅವಕ್ಕೆ ಕಾಲ ಬೇಕಿತ್ತು. ಕವಾಸೊಯೆ ಸಭೆಯಲ್ಲಿ ನಾಗಾತೊಮೊನ ಕಡೆ ತಿರುಗಿದರು.

"ನಿನ್ನ ಕಿಡಿ ಕಾಲದಲ್ಲಿ ಸ್ವಲ್ಪ ಬಿಟ್ಟುಕೊಡಯ್ಯ."

"ಬಿಟ್ಟುಕೊಟ್ರೆ ಕಪ್ಪು ಹಾಳಾಗುತ್ತೆ. ಅದೂ ಅಲ್ದೆ, ಇರೋ ಕಾಲದಲ್ಲೇ ತೆಗೀಬಹುದಾದ ಗೆರೆಗಳನ್ನೇ ಇವರು ಪೂರ್ತಿ ತೆಗೆದಿಲ್ಲ" ಎಂದ ನಾಗಾತೊಮೊ.

"ಎಲ್ಲಿದೆ ಅಂಥ ಗೆರೆ?" ಎಂದ ಇಜಿಚಿ.

"ತೋರಿಸ್ತೀನಿ."

ಅಂದಿನಿಂದ ನಾಗಾತೊಮೊ ತನ್ನ ಕಪ್ಪನ್ನು ಬಿಟ್ಟು ಇಜಿಚಿಯ ಚಿತ್ರದ ಮುಂದೆ ಕೂತ. ಸಂಬಂಧಿಕರ ಮದುವೆಗೆ ಬಂದು ಊಟದಲ್ಲಿ ಕಲ್ಲು ಹುಡುಕುವವರಂತೆ ಹುಡುಕಿದ. ಬೇಸ್‌ಬಾಲ್ ಆಟಗಾರನೊಬ್ಬ ಟೋಪಿಯ ನೆರಳಲ್ಲಿ ತಿರುಗಿದಾಗ ಹಣೆಯ ಮೇಲೆ ಕೂದಲೆಳೆಯಷ್ಟು ಹಸಿರು. ಸಿಕ್ಕಿತು! ಹಾಡುಗಾರ್ತಿಯ ಭುಜದ ಮೇಲೆ, ದೀಪ ಮಂಕಾಗುವ ಹೊತ್ತಲ್ಲಿ, ಒಂದು ಕಲೆ. ಅದನ್ನೂ ಹಿಡಿದ. ಮುಂದಿನ ಸಭೆಯಲ್ಲಿ ಎಲ್ಲರ ಎದುರು ಒಂದೊಂದನ್ನೂ ನಿಲ್ಲಿಸಿ ತೋರಿಸಿದ. ಇಜಿಚಿಯ ಮುಖದ ನಗು ಇಳಿಯಿತು. ನಾಗಾತೊಮೊ ಕೆಮ್ಮಿದ.

ಆದರೆ ಇಜಿಚಿ ಮಾಡಿದ್ದೇನು? ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೇ ಬಂದ. "ಇನ್ನೊಂದ್ಸಲ ಹಾಕಣ್ಣಾ. ಎಲ್ಲಿ ಅಂದೆ? ಹೌದಲ್ಲ ಮಾರಾಯ! ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ." ಹೋಗಿ ಸರಿಪಡಿಸಿ ಬಂದ. ನಾಗಾತೊಮೊ ಮತ್ತೆ ಹುಡುಕಿದ, ಮತ್ತೆ ಸಿಕ್ಕಿತು, ಇಜಿಚಿ ಅದನ್ನೂ ಸರಿಪಡಿಸಿದ. ಚಿತ್ರ ವಾರದಿಂದ ವಾರಕ್ಕೆ ಸುಂದರವಾಗುತ್ತ ಹೋಯಿತು. ಹೊಗಳಿಕೆಯೆಲ್ಲ ಇಜಿಚಿಗೆ.

"ನಾನೇ ಅವನ ಚಾಕು ಮಸೀತಾ ಇದೀನಿ ಹಾಮಾಸುನ" ಎಂದ ಒಮ್ಮೆ ಊಟದ ಹೊತ್ತಿನಲ್ಲಿ, ಕೋಳಿಯ ತುಂಡನ್ನು ಕಡ್ಡಿಯಿಂದ ಚುಚ್ಚುತ್ತ.

"ಹಾಗಾದ್ರೆ ಹುಡುಕೋದು ಬಿಟ್ಬಿಡಿ."

"ಬಿಟ್ರೆ ಅವನು ಗೆದ್ದ ಹಾಗೆ."

"ಹುಡುಕಿದ್ರೂ ಅವನೇ ಗೆಲ್ತಾ ಇದಾನಲ್ಲ?"

ಅವನು ಕೋಳಿ ತಿಂದ.

ಚಳಿಗಾಲದಲ್ಲಿ ಉತ್ತರದ ಸಪ್ಪೊರೊದಲ್ಲಿ ದೊಡ್ಡ ಪ್ರದರ್ಶನವಿತ್ತು. ಕವಾಸೊಯೆ ಹಟ ಹಿಡಿದು, ಕಿಡಿಯ ಕಾಲವನ್ನು ಕತ್ತರಿಸಿಯೇ ಒಂದು ಮಾದರಿ ಪರದೆ ಮಾಡಿಸಿದರು. ನಮ್ಮ ಬೆಚ್ಚನೆಯ ಕೋಣೆಯಲ್ಲಿ ಅದು ಸೊಗಸಾಗಿಯೇ ಇತ್ತು. ನಾಗಾತೊಮೊ ಅದನ್ನು ಒಬ್ಬನೇ ತಣ್ಣನೆಯ ಗೋದಾಮಿನಲ್ಲಿಟ್ಟು ಹೊತ್ತಿಸಿ ನೋಡಿದ. ಚಳಿಯಲ್ಲಿ ಗೂಡುಗಳು ಇನ್ನೂ ಸೋಮಾರಿಗಳು. ಕಿಡಿ ಸಾಲದೆ ಅಲ್ಲೊಂದು ಇಲ್ಲೊಂದು ಏಳಲೇ ಇಲ್ಲ. ಹುಡುಗಿಯ ಮುಖ ನುಸಿ ತಿಂದ ರೇಷ್ಮೆಯಂತಾಗಿತ್ತು.

ಆ ಮಧ್ಯಾಹ್ನ ಅವನ ಮುಖದಲ್ಲಿ ಬಹಳ ದಿನದ ಮೇಲೆ ಶಾಂತಿ ಕಂಡೆ. ನನ್ನನ್ನು ಗೋದಾಮಿಗೆ ಕರೆದೊಯ್ದು ತೋರಿಸಿದ.

"ಹೇಳಿದ್ರಾ ಅವರಿಗೆ?" ಎಂದೆ.

"ಯಾಕೆ ಹೇಳ್ಬೇಕು? ಕೇಳಿದ್ರಾ? ಸಪ್ಪೊರೊದಲ್ಲಿ ಎಲ್ರೂ ನೋಡ್ಲಿ."

"ನೋಡಿದವರು ಇಜಿಚಿ ಮುಖ ಹಾಳಾಯ್ತು ಅಂತಾರಾ, ನಾಗಾತೊಮೊ ಕಿಡಿ ಹಾಳಾಯ್ತು ಅಂತಾರಾ?"

ಅವನು ಪರದೆಯನ್ನೇ ನೋಡುತ್ತ ನಿಂತ. ನನ್ನ ಮಾತು ನಾಟಿತೋ ಇಲ್ಲವೋ ತಿಳಿಯದು. ನಾಟಿದ್ದು ಮರುದಿನ ಇಜಿಚಿ ಆಡಿದ ಮಾತು. ಊಟದ ಮನೆಯಲ್ಲಿ ನೂಡಲ್ ಸೊರ್ರೆಂದು ಹೀರುತ್ತ ಅವನು, "ಅಣ್ಣಾ, ಚಳೀಲಿ ಗೂಡು ಏಳುತ್ತೋ ಇಲ್ವೋ ಅಂತ ಒಂದ್ ಅನುಮಾನ. ನಾಳೆ ನಾನೇ ಒಂದ್ ಕೈ ನೋಡ್ತೀನಿ" ಎಂದ.

ನಾಗಾತೊಮೊ ಎದ್ದೇಬಿಟ್ಟ. "ಕಿಡಿಗೆ ಕೈ ಹಾಕ್ಬೇಡ! ಕಿಡಿ ನನ್ನದು. ಬರೋ ಅತಿಥಿಗಳನ್ನ ತಗೊಂಡೆ, ನನ್ನ ಹೆಂಡ್ತಿ ಹೊಗಳಿಕೆ ತಗೊಂಡೆ, ಇನ್ನು ಇದನ್ನೂ ತಗೋತೀಯಾ?"

ಇಜಿಚಿಯ ಬಾಯಿಂದ ನೂಡಲ್ ಅರ್ಧ ನೇತಾಡುತ್ತಿತ್ತು. "ಅತ್ತಿಗೆ ಏನಂದ್ರು?" ಎಂದು ಪೆದ್ದುಪೆದ್ದಾಗಿ ಕೇಳಿದ.

ನಾಗಾತೊಮೊ ಅಲ್ಲಿಂದ ನೇರ ಗೋದಾಮಿಗೆ ಹೋದವನು ನಾಲ್ಕಾರು ದಿನ ಹಗಲೆಲ್ಲ ಅಲ್ಲೇ ಬಿದ್ದುಕೊಂಡ. ಕೋಟು, ಕೈಗವಸು, ಕುತ್ತಿಗೆಗೆ ಸುಮಿಯೆಯ ಉಣ್ಣೆ ಪಟ್ಟಿ. ಹಾಲು ಕಾಯಿಸುವವರು ಮೊದಲು ಜೋರು ಉರಿ ಇಟ್ಟು, ಉಕ್ಕುವ ಹೊತ್ತಿಗೆ ಸಣ್ಣ ಉರಿ ಮಾಡುತ್ತಾರಲ್ಲ, ಕಿಡಿಯ ಒತ್ತಡವನ್ನು ಹಾಗೆ ಏರಿಸಿದ. ಕಿಡಿ ಹಾರುವ ಹಂತದವರೆಗೆ ಬೇಗ, ಅಲ್ಲಿಂದ ನಿಧಾನ. ಅದರಲ್ಲಿ ಕಾಲ ಉಳಿಯಿತು. ಪರದೆ ತಣ್ಣಗಿದ್ದಾಗ ಮಾತ್ರ ಕಿಡಿ ಉದ್ದವಾಗಿ, ಬೆಚ್ಚಗಾದಂತೆ ಗಿಡ್ಡವಾಗುವ ಹಾಗೆಯೂ ಮಾಡಿದ. ಕಪ್ಪು ಕೆಡಲಿಲ್ಲ. ಅದು ಮೊದಲಿಗಿಂತ ಒಂದು ತೂಕ ಹೆಚ್ಚೇ ಕಪ್ಪಾಯಿತು. ಉಳಿದ ಕಾಲವನ್ನು ಸಭೆಯಲ್ಲಿ ಇಜಿಚಿಯ ಮುಂದೆ ಎಸೆದಂತೆ ಹೇಳಿದ: "ತಗೋ. ಇನ್ಮೇಲೆ ಕಾಲ ಸಾಲ್ಲಿಲ್ಲ ಅನ್ನೋ ನೆಪ ಬೇಡ."

ಸಪ್ಪೊರೊದಲ್ಲಿ ಜನ ಗುಂಪುಗಟ್ಟಿ ನೋಡಿದರು. ಕಂಪನಿ ಇಬ್ಬರಿಗೂ ಕೂಡಿಯೇ ಸನ್ಮಾನ ಮಾಡಿತು. ಫಲಕದಲ್ಲಿ ಇಜಿಚಿಯ ಹೆಸರು ಮೇಲೆ, ನಾಗಾತೊಮೊನದು ಕೆಳಗೆ. "ಅಕ್ಷರಮಾಲೆ ಪ್ರಕಾರ ಕಣ್ರೀ, ಇ ಮೊದಲು ಬರುತ್ತೆ, ನಾ ಆಮೇಲೆ" ಎಂದು ಸಮಾಧಾನ ಹೇಳಿದೆ. "ಅಕ್ಷರಮಾಲೆನೂ ಅವನ ಕಡೆನೇ" ಎಂದ. ತಮಾಷೆಗಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಅಂಗಡಿಗಳ ಝಗಝಗ ದೀಪದಡಿ ನಮ್ಮ ಪರದೆ ಮಂಕಾಗಿ ಕಂಡಿತು. ತೆಳ್ಳನೆಯ, ಅಗ್ಗದ, ಕಣ್ಣುಕುಕ್ಕುವ ಬೇರೆ ಪರದೆಗಳು ಗೆದ್ದವು. ನಮ್ಮ ಸಾಲು ನಿಂತಿತು. ಯೊಕೊಹಾಮಾದ ಒಂದು ಕಂಪನಿ ಆಸ್ಪತ್ರೆಯ ಪರದೆಗಳಿಗಾಗಿ ಇಜಿಚಿಯನ್ನು ಕರೆಯಿತು. ನಾಗಾತೊಮೊನನ್ನು ಯಾರೂ ಕರೆಯಲಿಲ್ಲ. ಅವನೂ ನಾನೂ ಅದೇ ಕಟ್ಟಡದಲ್ಲಿ ಬಿಸಿಲಿನಿಂದ ವಿದ್ಯುತ್ ಮಾಡುವ ಫಲಕಗಳ ಕೆಲಸಕ್ಕೆ ಸೇರಿದೆವು.

ಬೀಳ್ಕೊಡುಗೆಯ ಊಟ ಇದ್ದಿಲ ಮೇಲೆ ಕೋಳಿ ಸುಡುವ ಅಂಗಡಿಯಲ್ಲಿ. ಎರಡು ಲೋಟ ಶೋಚು ಸಾರಾಯಿ ಇಳಿದ ಮೇಲೆ ಇಜಿಚಿ ನಾಗಾತೊಮೊನ ಎರಡೂ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು. "ಅಣ್ಣಾ, ಎಷ್ಟೋ ಕಡೆ ಕೆಲಸ ಮಾಡಿದೆ. ಎಲ್ರೂ ಚೆನ್ನಾಗಿದೆ ಅಂದು ಎದ್ದು ಹೋಗೋರು. ನನ್ನ ಚಿತ್ರಾನ ಕೂತ್ಕೊಂಡು ನೋಡಿದೋನು ನೀನೊಬ್ನೇ. ಅಷ್ಟು ಪ್ರೀತಿ ಯಾರಿಗಿರುತ್ತೆ ಹೇಳು?"

ನಾಗಾತೊಮೊ ನನ್ನ ಕಡೆ ನೋಡಿದ. ನಾನು ಕೋಸಿನ ಎಲೆ ಜಗಿಯುತ್ತ ತಲೆ ತಗ್ಗಿಸಿದೆ. ಹೊರಗೆ ಬಂದ ಮೇಲೆ ಚಪ್ಪಲಿ ನೆಲಕ್ಕೆ ಬಡಿಯುತ್ತ, "ನನ್ನ ಹೊಟ್ಟೆಕಿಚ್ಚನ್ನೂ ಬಿಡ್ಲಿಲ್ಲವಲ್ಲ ಆ ಮನುಷ್ಯ! ಅದನ್ನೂ ಒಳ್ಳೇದು ಮಾಡ್ಕೊಂಡು ತಗೊಂಡು ಹೋದ" ಎಂದ.

ಹೋದ ವರ್ಷದ ಮಾತು, ಸುಮಿಯೆ ಹೇಳಿದ್ದು. ಅನ್ನ ಮಾಡುವ ಕರೆಂಟಿನ ಪಾತ್ರೆ ಕೊಳ್ಳಲು ಇಬ್ಬರೂ ಪೇಟೆಯ ದೊಡ್ಡ ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ಹೊಸ ಬಗೆಯ ಟೀವಿ, ಚುಕ್ಕೆ ಚುಕ್ಕೆಯೂ ತಾನೇ ಬೆಳಗಿ ಬೇಡವಾದಾಗ ಪೂರ್ತಿ ಆರುವಂಥದ್ದು. ಪರದೆಯ ಮೇಲೆ ರಾತ್ರಿ ಸಮುದ್ರ. ಕಪ್ಪೆಂದರೆ ಬಾವಿಯಂಥ ಕಪ್ಪು. ನಾಗಾತೊಮೊ ಅಲ್ಲೇ ಬೇರು ಬಿಟ್ಟ.

"ಇದಕ್ಕೆ ಏನ್ ಮಾಡ್ತಾರೆ?" ಎಂದು ಅಂಗಡಿಯ ಹುಡುಗಿಯನ್ನು ಕೇಳಿದನಂತೆ.

"ಏನೂ ಮಾಡಲ್ಲ ಸಾರ್. ಆರಿಸ್ತಾರೆ, ಅಷ್ಟೆ."

"ಆರಿಸ್ತಾರೆ, ಅಷ್ಟೆ!" ಎಂದು ಹೆಂಡತಿಯ ಕಡೆ ತಿರುಗಿದ. ಅವನ ಮುಖ ಕಂಡು ಸುಮಿಯೆಗೆ ಹೆದರಿಕೆಯಾಯಿತಂತೆ. ಬೇಗ ಹೋಗೋಣವೆಂದು ತೋಳು ಎಳೆದರೆ ಕದಲಲಿಲ್ಲ. ಸಮುದ್ರ ಹೋಗಿ ಓಟದ ಪಂದ್ಯ ಬಂತು. ಓಡುವವರು ಪಕ್ಕಕ್ಕೆ ಹಾಯುವಾಗ ಅವರ ಎದೆಯ ಮೇಲಿನ ಹೆಸರುಗಳು ಒದ್ದೆ ಬಟ್ಟೆಯಿಂದ ಒರೆಸಿದಂತೆ ಕಲಸಿಹೋಗುತ್ತಿದ್ದವು. ನಾಗಾತೊಮೊ ಒಂದು ಹೆಜ್ಜೆ ಹತ್ತಿರ ಹೋದ, ಮತ್ತೆ ನೋಡಿದ, ಜೇಬಿಂದ ಫೋನ್ ತೆಗೆದ.

"ಏಯ್ ಇಜಿಚಿ, ಎಲ್ಲಿದೀಯ? ಕೇಳಿಲ್ಲಿ. ನನ್ನ ಕಪ್ಪನ್ನ ಯಾರೋ ಪುಕ್ಕಟೆ ಮಾಡಿಟ್ಟಿದಾರೆ ಕಣೋ... ಹೂಂ, ಹೊಟ್ಟೆ ಉರೀತಾ ಇದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿನ್ನ ಕೆಲಸ ನೋಡು, ಓಡೋರನ್ನೆಲ್ಲ ಪೂರ್ತಿ ಕಲಸಿಟ್ಟಿದಾರೆ! ನೀನಿದ್ದಿದ್ರೆ ಹೀಗಾಗೋಕೆ ಬಿಡ್ತಿದ್ಯಾ?"

ಆ ಕಡೆಯಿಂದ ಇಜಿಚಿಯ ದೊಡ್ಡ ಗಂಟಲು ಪಕ್ಕದಲ್ಲಿದ್ದವರಿಗೂ ಕೇಳುತ್ತಿತ್ತಂತೆ: "ಎಲ್ಲಿ ಕಲಸಿದೆ ಅಣ್ಣಾ? ಅಕ್ಷರ ಮಾತ್ರಾನಾ, ಮುಖಾನೂನಾ? ಹತ್ರ ಹೋಗಿ ನೋಡು!"

ಅವನು ಹತ್ತಿರ ಹೋಗಿ ನೋಡಿ ಹೇಳತೊಡಗಿದ. ಸುಮಿಯೆ ತಾನೇ ಹೋಗಿ ಅನ್ನದ ಪಾತ್ರೆ ಆರಿಸಿ, ಕಟ್ಟಿಸಿಕೊಂಡು, ಕಾರಿನಲ್ಲಿ ಇಟ್ಟು ಬಂದಾಗಲೂ ಇಬ್ಬರ ಮಾತು ಮುಗಿದಿರಲಿಲ್ಲ.