ಪರಾತದಲ್ಲಿ ಅಣ್ಣನ ಹೊಲ

ಒಂದು ಇಡೀ ಹೊಲವನ್ನು ತೊಡೆಯ ಮೇಲಿಟ್ಟುಕೊಂಡು ನೀವು ಎಂದಾದರೂ ಬಸ್ಸಿನಲ್ಲಿ ಹೋಗಿದ್ದೀರಾ? ಇಲ್ಲ ತಾನೇ? ನಾನು ಹೋಗಿದ್ದೇನೆ. ಹಳಿಯಾಳದಿಂದ ನನ್ನ ತವರೂರು ಇಂದೂರಿಗೆ, ಬದು, ಬಾವಿ, ಮರದ ಸಮೇತ.

ಆ ಹೊಲ ನನ್ನ ಅಣ್ಣನದು. ಶೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿ, ಅತ್ತಿಮರದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಅಡುಗೆ ಕಲಸಿ ಬೆಳೆಯೊಳಗೆ ಚೆಲ್ಲುತ್ತೇವೆ. ಇದೇ ಚರಗ. ತೆನೆ ಹೊತ್ತ ಭೂಮಿತಾಯಿಗೆ ಬಯಕೆಯ ಊಟ. ನಮ್ಮಲ್ಲಿ ಅದನ್ನು ಚೆಲ್ಲುವುದು ಯಾವಾಗಲೂ ಅಣ್ಣನೇ.

ಈ ಸಲ ಅವನ ಮೊಣಕಾಲು ಕೈಕೊಟ್ಟಿತು. ಗಾಡಿಯಲ್ಲಿ ಕರೆದೊಯ್ಯುತ್ತೇವೆಂದು ಮಕ್ಕಳು ಹೇಳಿದರೂ ಕೇಳಲಿಲ್ಲವಂತೆ. ನಡೆದು ಸುತ್ತಲಾಗದ ಹೊಲಕ್ಕೆ ತಾನು ಬರುವುದಿಲ್ಲ, ಇನ್ನು ಚರಗ ತನ್ನದಲ್ಲ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟನಂತೆ. ಹಬ್ಬಕ್ಕೆ ಎರಡು ವಾರ ಇರುವಾಗ ಅತ್ತಿಗೆ ಫೋನಿನಲ್ಲಿ ಹೇಳಿ ಅತ್ತಳು.

ನನಗೆ ತಟ್ಟೆ, ತಾಟುಗಳಲ್ಲಿ ಗುಡ್ಡ, ಕಾಡು ಬೆಳೆಸುವ ಹುಚ್ಚು. ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಅತ್ತಿಗಿಡವನ್ನು ತಂದು, ವರ್ಷವರ್ಷವೂ ಬೇರು ಕತ್ತರಿಸಿ, ಗೇಣುದ್ದದ ಮುದಿಮರ ಮಾಡಿದ್ದೆ. ಮೊಮ್ಮಕ್ಕಳು ಬಂದರೂ ನೀನಿನ್ನೂ ಮಣ್ಣಲ್ಲೇ ಆಡುತ್ತೀ ಎಂದು ಅಣ್ಣ ನಗುತ್ತಿದ್ದ. ಈಗ ಆಟ ನನ್ನದು ಅಂದುಕೊಂಡೆ.

ಹಿಟ್ಟು ನಾದುವ ಹಳೆಯ ಪರಾತಕ್ಕೆ ಮೊಳೆಯಿಂದ ತೂತು ಹೊಡೆದು, ಹೆಂಚಿನ ಚೂರು ಹಾಸಿ ಮಣ್ಣು ತುಂಬಿದೆ. ಅಂಚಿಗೆ ಅತ್ತಿಮರ. ಬಚ್ಚಲ ಗೋಡೆಯ ಪಾಚಿ ಹೊದಿಸಿದ ಬದು. ಬಾವಿಯ ಕಟ್ಟೆಗೆ ನನ್ನದೇ ಬಳೆ. ಭತ್ತದ ಬದಲು ರಾಗಿ ಚೆಲ್ಲಿದೆ, ಹಬ್ಬದ ಹೊತ್ತಿಗೆ ಹಸಿರು ಎದ್ದು ನಿಂತಿತು. ಮರದ ಬುಡದಲ್ಲಿ ಸುಣ್ಣ ಬಳಿದ ಐದು ಹರಳು. ಆಡಿ ಬೆಳೆದ ಹೊಲವನ್ನು ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ ಎಂಬ ಸೊಕ್ಕು ನನಗಿತ್ತು. ಈಗಲೂ ಇದೆ.

ಬಸ್ಸಿನಲ್ಲಿ ಕಂಡಕ್ಟರ್ ಇದೇನೆಂದು ಕೇಳಿದ. ಹೊಲ ಎಂದೆ.

“ಪಹಣಿ ಉತಾರ ತಂದೀರೇನ್ರಿ ಅಜ್ಜಿ?” ಎಂದ. ಬಸ್ಸೆಲ್ಲ ನಕ್ಕಿತು, ಆದರೆ ಇಳಿಯುವಾಗ ಪರಾತ ಹಿಡಿದುಕೊಂಡವನೂ ಅವನೇ.

ಅಣ್ಣನ ಹಾಸಿಗೆಯ ಪಕ್ಕ ಪರಾತವಿಟ್ಟು ಕುಳಿತೆ. ಅವನು ಹೊರಳಿ ನೋಡಿದ. ಎದ್ದು ಕುಳಿತ. ಎರಡೂ ಕೈಯಿಂದ ಪರಾತ ಹಿಡಿದು ಮೆಲ್ಲಗೆ ತಿರುಗಿಸಿ, ಅತ್ತಿಮರ ಮೂಡಣಕ್ಕೆ ಬರುವ ಹಾಗೆ ಮಾಡಿದ. ಆಗಲೇ ಗೊತ್ತಾಯಿತು, ಅಣ್ಣ ಹೊಲದೊಳಗೆ ಕಾಲಿಟ್ಟ.

ಚರಗ ತಾ ಎಂದು ಅತ್ತಿಗೆಯನ್ನು ಕರೆದ. ಮೂರು ಬೆರಳಲ್ಲಿ ಎತ್ತಿ, ಪರಾತದ ಸುತ್ತ ಕೈಯಾಡಿಸುತ್ತ ಚೆಲ್ಲಿದ. ಮಕ್ಕಳು ಉಳಿದ ಚರಗದ ಬುಟ್ಟಿ ಹೊತ್ತು ದೊಡ್ಡ ಹೊಲಕ್ಕೆ ಹೊರಟರು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹೊಗಳಿಕೆಗಾಗಿ ಕತ್ತು ಎತ್ತಿ ಕಾದೆ.

ಅಣ್ಣ ಬದುವಿನ ಮೇಲೆ ಬೆರಳಿಟ್ಟು ಅಳೆದ.

“ಹೊಲಾ ಛಲೋ ಐತಿ. ಆದ್ರ ಮೂಡಣ ಬದು ಒಂದ್ ಬಟ್ಟ ಒಳಗ ಸರದೈತಿ. ಬಾಜೂ ಹೊಲದವ್ರು ನಿನಗ ಎಷ್ಟ್ ರೊಕ್ಕಾ ತಿನಿಸ್ಯಾರ, ಹೇಳ.”