ಹಲ್ಲುಜ್ಜುವ ಮುನ್ನ

ನಮ್ಮ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸುವಂತಿಲ್ಲ. ಜಯನಗರದ ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಗ್ಗೆಯೇ ನಾನು ಬಿಸಿ ಕಾಫಿಯನ್ನು ಹಾಯಾಗಿ ಲೋಟ ಕಚ್ಚಿ ಕುಡಿದು, ಅದನ್ನು ಊಟದ ಮೇಜಿನ ಮೇಲೆಯೇ ಇಟ್ಟೆ. ಅತ್ತೆ ಲೋಟವನ್ನೆತ್ತಿ ಬಚ್ಚಲಿಗೆ ಹಾಕಿ, ಒದ್ದೆ ಬಟ್ಟೆ ತಂದು ಅದಿದ್ದ ಜಾಗವನ್ನು ಒರೆಸಿದರು. ಓದುಗ ಮಿತ್ರರೇ, ಕೆಲವರು ಒರೆಸುವುದು ಇನ್ನು ಕೆಲವರು ಬೈಯುವುದಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ. ಅಂದಿನಿಂದ ನಾನೂ ತಲೆಯೆತ್ತಿ, ಬಾಯಿ ತೆರೆದು, ಕಾಫಿಯನ್ನು ಗಂಟಲಿಗೆ ನೇರವಾಗಿ ಸುರಿದುಕೊಳ್ಳುವ ವಿದ್ಯೆಯನ್ನು ಕಲಿತೆ. ಕಲಿಯುವಷ್ಟರಲ್ಲಿ ಒಳ್ಳೊಳ್ಳೆಯ ಸೀರೆಗಳು ಹಾಳಾದವು.

ಇಂಥ ಮನೆಯ ಸೊಸೆ ಹೊಟ್ಟೆಪಾಡಿಗೆ ಮಾಡುವ ಕೆಲಸ ಏನು ಗೊತ್ತೆ? ಎಂಜಲಿನ ಕೆಲಸ. ಕುಮಾರಸ್ವಾಮಿ ಲೇಔಟಿನ ಒಂದು ಪ್ರಯೋಗಾಲಯದಲ್ಲಿ ಪರರ ಬಾಯಿಯಿಂದ ಬ್ಯಾಕ್ಟೀರಿಯಾಗಳನ್ನು ತೆಗೆದು, ಅವಕ್ಕೆ ಉಣಬಡಿಸಿ ಬೆಳೆಸುವುದು ನನ್ನ ವೃತ್ತಿ. ಬಾಯಿಯೆಂದರೆ ಮಾತು, ರುಚಿ, ಮುಗುಳ್ನಗೆ ಎಂದೆಲ್ಲ ನಂಬಿಕೊಂಡಿರುವ ನಿಮಗೆ ಬೇಸರವಾದರೂ ಹೇಳಲೇಬೇಕು, ಅದೊಂದು ಕಿಕ್ಕಿರಿದ ಊರು. ಆ ಊರಿನಲ್ಲಿ ಕೆಲವರು ನಿಸ್ಸಂಕೋಚದ ಜನ. ತಟ್ಟೆಯಲ್ಲಿ ಒಂದಿಷ್ಟು ಆಹಾರವಿಟ್ಟರೆ ಬೆಳಗಾಗುವುದರೊಳಗೆ ಸಂಸಾರ ಹೂಡಿ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡಿರುತ್ತಾರೆ. ಇನ್ನು ಕೆಲವರು ವಸಡಿನ ಆಳದ ಸಂದಿಯಲ್ಲಿ ಅವಿತಿರುವ ಸೂಕ್ಷ್ಮ ಪ್ರಕೃತಿಯವರು. ಗಾಳಿ ಸೋಕಿದರೆ ಸಾಯುತ್ತಾರೆ, ಒಂಟಿಯಾದರೂ ಸಾಯುತ್ತಾರೆ.

ನಾನು ಬೆನ್ನು ಹತ್ತಿದ್ದು ಈ ಎರಡನೆಯ ಜಾತಿಯ ಒಂದು ಬ್ಯಾಕ್ಟೀರಿಯಾವನ್ನು. ಅದು ಇದೆಯೆಂಬುದಕ್ಕೆ ಜೀನುಗಳ ಗುರುತು ಸಿಗುತ್ತಿತ್ತು, ಸೂಕ್ಷ್ಮದರ್ಶಕದಲ್ಲಿ ಡೊಂಕು ಕಡ್ಡಿಯಂಥ ಮೈಯೂ ಕಾಣುತ್ತಿತ್ತು. ಬೆಳೆಸಹೋದರೆ ಮಾತ್ರ ಇಲ್ಲ. ಎಷ್ಟು ಉಪಚರಿಸಿದರೂ ಕೊಂಕು ತೆಗೆಯುವ ಅದಕ್ಕೆ ನಾನು 'ಬೀಗರು' ಎಂದು ಹೆಸರಿಟ್ಟಿದ್ದೆ. ಬೀಗರಿಗೆಂದೇ ಗಾಳಿಯನ್ನೆಲ್ಲ ಹೊರಹಾಕಿದ ಒಂದು ಪಾರದರ್ಶಕ ಪೆಟ್ಟಿಗೆಯಿತ್ತು. ಅದರ ಗೋಡೆಗೆ ಅಂಟಿಸಿದ ಉದ್ದನೆಯ ಕೈಗವಸುಗಳೊಳಗೆ ಮೊಳಕೈವರೆಗೂ ಕೈ ತೂರಿಸಿ, ಹೊರಗೆ ನಿಂತೇ ಒಳಗಿನ ಕೆಲಸ ಮಾಡಬೇಕು. ಮೂಗು ಕೆರೆಯಬೇಕೆನಿಸಿದರೆ ಭಗವಂತನೇ ಗತಿ.

ಇಷ್ಟೆಲ್ಲ ಮಾಡಿದರೂ ಬೀಗರು ಬೆಳೆಯಲಿಲ್ಲ. ಕಾರಣ ತಿಳಿದದ್ದು ಇಟ್ಟಮಡುವಿನ ನಿವೃತ್ತ ಮೇಷ್ಟ್ರೊಬ್ಬರಿಂದ. ಮಾದರಿ ಕೊಡಲು ಬರುವವರಿಗೆಲ್ಲ ನಾವು ಹಲ್ಲುಜ್ಜದೆ, ಬಾಯಿ ಮುಕ್ಕಳಿಸದೆ ಬನ್ನಿ ಎಂದು ಹೇಳಿ ಹೇಳಿ ಕಳಿಸುತ್ತಿದ್ದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ಲವಂಗದ ಪರಿಮಳ ಕೋಣೆಯ ತುಂಬ ಹರಡಿತು.

"ಸಾರ್, ಹಲ್ಲುಜ್ಜಿದ್ರಾ?" ಎಂದೆ.

"ಛೆ, ನೀವು ಬೇಡ ಅಂದಿದ್ರಲ್ಲ, ಸರಿಯಾಗಿ ಉಜ್ಜಿಲ್ಲ. ಸುಮ್ನೆ ಒಂದ್ಸಲ ಬ್ರಷ್ ಆಡಿಸಿ, ಔಷಧಿ ನೀರಲ್ಲಿ ಮುಕ್ಕಳಿಸ್ಕೊಂಡೆ ಅಷ್ಟೇ. ಎದುರಿಗೆ ಹೆಣ್ಮಗಳು ಕೂತಿರ್ತಾರೆ, ಹಾಗೇ ಹೇಗೆ ಮೇಡಂ ಬಾಯಿ ತೆಗೆಯೋದು?"

ವಿಚಾರಿಸಿ ನೋಡಿದರೆ ಬಂದವರೆಲ್ಲರದೂ ಇದೇ ಕಥೆ. ಬನಶಂಕರಿಯಿಂದ ಜೆ.ಪಿ. ನಗರದವರೆಗೆ ಯಾವ ಮರ್ಯಾದಸ್ಥರೂ ಹಲ್ಲುಜ್ಜದ ಬಾಯನ್ನು ಪರರೆದುರು ತೆರೆಯುವುದಿಲ್ಲ. ವಿಜ್ಞಾನಕ್ಕಾಗಿ ರಕ್ತ ಕೊಟ್ಟಾರು, ದೇಹವನ್ನೇ ಬರೆದುಕೊಟ್ಟಾರು. ಬೆಳಗಿನ ಬಾಯಿಯನ್ನು ಮಾತ್ರ ಕೊಡರು. ಅವರ ಸಭ್ಯತೆಯ ಔಷಧಿ ನೀರಿನಲ್ಲಿ ಮಿಂದ ಬೀಗರು ನನ್ನ ಪೆಟ್ಟಿಗೆಗೆ ಬರುವಾಗಲೇ ಅರೆಜೀವವಾಗಿರುತ್ತಿದ್ದರು.

ಅಷ್ಟರಲ್ಲಿ ನಮ್ಮ ಮುಖ್ಯಸ್ಥರು, ಯುಗಾದಿಯೊಳಗೆ ಏನೂ ಬೆಳೆಯದಿದ್ದರೆ ಪೆಟ್ಟಿಗೆಯನ್ನು ಮೇಲಿನ ಮಹಡಿಯ ಮೊಸರಿನ ಸಂಶೋಧಕರಿಗೆ ಕೊಟ್ಟುಬಿಡುವುದಾಗಿ ಹೇಳಿದರು. ಪೆಟ್ಟಿಗೆ ಹೋದರೆ ಬೀಗರೂ ಹೋದಂತೆ, ಇಷ್ಟು ವರ್ಷಗಳ ನನ್ನ ಕೆಲಸವೂ ಹೋದಂತೆ. ನನಗೆ ಅಳು ಬಂತು. ಅಲಂಕಾರಕ್ಕೆ ಹೇಳುತ್ತಿಲ್ಲ, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕಣ್ಣೀರು ಸುರಿಸಿದೆ.

ಆಗ ನೆನಪಾದದ್ದು ಮನೆಯಲ್ಲೇ ಇದ್ದ ನಿಧಿ. ಅತ್ತೆಯವರ ಕೊನೆಯ ದವಡೆಹಲ್ಲಿನ ಹಿಂದೆ ವಸಡು ಬಾತು, ಆಳವಾದ ಸಂದಿಯಾಗಿತ್ತು. ದಂತವೈದ್ಯರು ಮುಂದಿನ ಸೋಮವಾರ ಅದನ್ನು ಕೆರೆದು ಶುಚಿಗೊಳಿಸುವವರಿದ್ದರು. ಶುಚಿಯಾದ ಮೇಲೆ ನನಗೇನು ಉಳಿಯುತ್ತದೆ? ರಾತ್ರಿ ಊಟಕ್ಕೆ ಕೂತಾಗ ಧೈರ್ಯ ಮಾಡಿದೆ.

"ಅತ್ತೆ, ನಾಳೆ ಬೆಳಗ್ಗೆ ಹಲ್ಲುಜ್ಜೋಕೆ ಮುಂಚೆ ಒಂದು ನಿಮಿಷ ಬಾಯಿ ತೆಗೀತೀರಾ?"

"ಹಲ್ಲುಜ್ಜದೆ ನಾನು ದೇವರ ಹೆಸರೇ ಹೇಳಲ್ಲ, ನಿನಗೆ ಬಾಯಿ ತೆಗೀಲಾ? ನನ್ನ ಬಾಯಲ್ಲಿ ಹುಳ ಇದೆ ಅಂತ ಊರಿಗೆಲ್ಲ ಸಾರೋಕಾ?"

ನನ್ನ ಗಂಡ ಓದಿ ಮುಗಿಸಿದ್ದ ಪೇಪರನ್ನು ಮೊದಲ ಪುಟದಿಂದ ಮತ್ತೆ ಓದತೊಡಗಿದ.

ಮರುದಿನ ಸಂಜೆ ಸಾರು ಉಕ್ಕಿ ಒಲೆಯೆಲ್ಲ ರಾಡಿಯಾದರೂ ನನಗೆ ತಿಳಿಯಲಿಲ್ಲ. ಅತ್ತೆ ಬಂದು ಒಲೆ ಆರಿಸಿ, ನನ್ನ ಮುಖ ನೋಡಿ, ಏನಾಯಿತೆಂದು ಕೇಳಿದರು. ಪೆಟ್ಟಿಗೆ ಮೊಸರಿನವರ ಪಾಲಾಗುವ ಸಂಗತಿಯನ್ನು ಹೇಳಿದೆ.

"ಮೊಸರಿಗಾ?" ಅತ್ತೆಯ ದನಿ ಏರಿತು. "ಮೊಸರಿಗೆ ಪೆಟ್ಟಿಗೆ ಯಾಕೆ? ನಾನು ದಿನಾ ಹೆಪ್ಪು ಹಾಕ್ತೀನಲ್ಲ, ಮುಚ್ಚಿಟ್ರೆ ಸಾಕು, ತಾನೇ ಆಗುತ್ತೆ. ಅದನ್ನೂ ಒಂದು ಕೆಲಸ ಅಂತ ಮಾಡ್ತಾರಾ? ಅವರಿಗೆ ಕೊಡಕೂಡದು."

ನನ್ನ ಮೇಲಿನ ಪ್ರೀತಿ ಮಾಡಲಾರದ್ದನ್ನು ಮೊಸರಿನವರ ಮೇಲಿನ ತಾತ್ಸಾರ ಮಾಡಿತು ಎಂದು ಆಗ ಅಂದುಕೊಂಡೆ. ಅತ್ತೆ ಒಪ್ಪಿದರು, ಷರತ್ತುಗಳೊಂದಿಗೆ. ನಾನು ಸ್ನಾನ ಮಾಡಿಯೇ ಅವರ ಬಾಯಿ ಮುಟ್ಟಬೇಕು. ತಮ್ಮ ಮಗ ಏಳುವ ಮುಂಚೆ ಎಲ್ಲ ಮುಗಿಯಬೇಕು. ಮುಖ್ಯವಾಗಿ, ಅವರ ಎಂಜಲನ್ನು ಇನ್ನೊಬ್ಬರ ಎಂಜಲಿನ ಜೊತೆ ಸೇರಿಸಕೂಡದು.

ಇಲ್ಲಿ ನಾನು ಸಿಕ್ಕಿಬಿದ್ದೆ. ಬೀಗರ ಸ್ವಭಾವವೇ ಒಂಟಿಯಾಗಿ ಉಣ್ಣದಿರುವುದು. ಪಕ್ಕದಲ್ಲಿ ಬೇರೊಂದು ಬ್ಯಾಕ್ಟೀರಿಯಾ ಉಂಡು, ಅರಗಿಸಿ, ಹೊರಗೆ ಬಿಟ್ಟದ್ದೇ ಅವರಿಗೆ ಆಹಾರ. ಯಾವುದನ್ನು ನಾವು ಎಂಜಲೆಂದು ಮೂಗು ಮುರಿಯುತ್ತೇವೋ ಅದನ್ನು ಹಂಚಿಕೊಂಡೇ ಬಾಯೊಳಗಿನ ಊರು ಬದುಕಿದೆ. ಅಂಥ ನೆರೆಯೊಂದನ್ನು ನಾನು ಬಹಳ ಕಾಲದಿಂದ ತಟ್ಟೆಯಲ್ಲಿ ಸಾಕಿಕೊಂಡಿದ್ದೆ. ಅದನ್ನು ತೆಗೆದದ್ದು ನನ್ನ ಬಾಯಿಂದಲೇ. ಮುಚ್ಚಿಟ್ಟು ಮಾಡಬಹುದಿತ್ತು, ಮನಸ್ಸು ಬರಲಿಲ್ಲ.

"ಪಕ್ಕದಲ್ಲಿ ಒಂದು ಇರಲೇಬೇಕು ಅತ್ತೆ. ಇಲ್ದಿದ್ರೆ ಬದುಕಲ್ಲ."

"ಯಾರದ್ದು?"

"ನಂದು."

ಅತ್ತೆ ಬಹಳ ಹೊತ್ತು ಒಲೆ ಒರೆಸಿದರು. ಒಲೆ ಆಗಲೇ ಫಳಫಳ ಹೊಳೆಯುತ್ತಿತ್ತು. "ಬೇರೆ ಯಾರದ್ದೋ ಆಗಿದ್ರೆ ಬೇಡ ಅಂತಿದ್ದೆ," ಎಂದರು ಕೊನೆಗೆ. "ನಿಂದು ತಾನೇ. ಹಾಕು."

ಮೂವತ್ತು ವರ್ಷಕ್ಕೆ ಹತ್ತಿರವಾದ ನಮ್ಮ ಸಂಸಾರದಲ್ಲಿ ಅವರು ನನ್ನನ್ನು ಹೊಗಳಿದ್ದು ಇಲ್ಲವೇ ಇಲ್ಲ ಎನ್ನಬಹುದು. ಅಂದು ರಾತ್ರಿ ನಾನು ಆ ಎರಡು ಮಾತುಗಳನ್ನು ಮೆಲುಕು ಹಾಕುತ್ತ ಮಲಗಿದೆ.

ಬೆಳಗ್ಗೆ ಎಲ್ಲ ಮೂಕಾಭಿನಯ. ಹಲ್ಲುಜ್ಜದೆ ಮಾತಾಡದ ವ್ರತ ಅವರದು. ದೀಪ ಹಿಡಿದಂತೆ ತಾವೇ ಪುಟ್ಟ ಟಾರ್ಚು ಹಿಡಿದು ಕೈಸನ್ನೆಯಲ್ಲೇ 'ಬೇಗ, ಬೇಗ' ಎಂದು ಗದರಿದರು. ಮಾದರಿಯನ್ನು ಗಾಳಿಯಿಲ್ಲದ ಸೀಸೆಗೆ ಇಳಿಸಿಕೊಂಡು ನಾನು ಆಟೋ ಹತ್ತಿದೆ. ಪೆಟ್ಟಿಗೆಯೊಳಗಿನ ತಟ್ಟೆಯ ನಡುವೆ ನನ್ನ ಬಾಯಿಯ ಬ್ಯಾಕ್ಟೀರಿಯಾವನ್ನು ಒಂದು ಗೆರೆಯಾಗಿ ಎಳೆದು, ಅತ್ತೆಯವರದ್ದನ್ನು ಸುತ್ತಲೂ ಹರಡಿದೆ. ಆಮೇಲೆ ಕಾಯುವುದೊಂದೇ ಕೆಲಸ. ಈ ಬೀಗರು ವಾರಗಟ್ಟಲೆ ಯೋಚಿಸುವವರು. ಅತ್ತೆ ದಿನಾ ಸಂಜೆ ಬಾಗಿಲಲ್ಲೇ, "ಏನಂತೆ?" ಎನ್ನುವರು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವಂತೆ.

ಯುಗಾದಿಗೆ ಇನ್ನೇನು ಮಾವಿನೆಲೆ ತರಬೇಕು ಎನ್ನುವಾಗ ಬೀಗರು ದಯಮಾಡಿಸಿದರು. ಸಾಸಿವೆಗಿಂತ ಸಣ್ಣ ಚುಕ್ಕಿಗಳು, ಎಲ್ಲವೂ ಆ ಗೆರೆಗೆ ಒತ್ತಿಕೊಂಡು. ಗೆರೆಯಿಂದ ದೂರ ಬಿದ್ದಲ್ಲಿ ಒಂದೂ ಇಲ್ಲ. ನಾನು ಕೈಗವಸಿನೊಳಗೆ ಕೈ ಇಟ್ಟುಕೊಂಡೇ ಕುಣಿದೆ.

ಅತ್ತೆ ನೋಡಲೇಬೇಕೆಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಕೈ ತೊಳೆಸಿ, ಏನನ್ನೂ ಮುಟ್ಟಬೇಡಿ ಎಂದಾಗ ಅವರಿಗೆ ಪರಮ ಸಂತೋಷವಾಯಿತು. ನಾನು ದಿನವಿಡೀ ಇಷ್ಟು ಮಡಿಯಲ್ಲಿರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಪೆಟ್ಟಿಗೆಗೆ ಮೂಗು ತಾಗಿಸಿ, ಕನ್ನಡಕ ಏರಿಸಿ, ಇಳಿಸಿ, ಬಹಳ ಹೊತ್ತು ನೋಡಿದರು.

"ತಟ್ಟೆ ಯಾಕೆ ಇಷ್ಟು ಕೆಂಪಗಿದೆ?"

ಇದೊಂದು ಪ್ರಶ್ನೆ ಬಾರದಿರಲೆಂದು ನಾನು ಬೇಡಿಕೊಂಡಿದ್ದೆ. ಈರುಳ್ಳಿಯನ್ನೂ ಹಬ್ಬದ ದಿನ ಒಳಗೆ ಬಿಡದವರಿಗೆ ಹೇಗೆ ಹೇಳಲಿ? "ಅದು... ಕುರಿ ರಕ್ತ ಅತ್ತೆ. ಬೇರೆ ಏನು ಹಾಕಿದ್ರೂ ಬೆಳೆಯಲ್ಲ."

ಅತ್ತೆ ಹಿಂದೆ ಸರಿದರು. ಒಮ್ಮೆ ನನ್ನನ್ನೂ ಒಮ್ಮೆ ಪೆಟ್ಟಿಗೆಯನ್ನೂ ನೋಡಿದರು. "ನನ್ನ ಬಾಯಲ್ಲಿದ್ದಷ್ಟು ದಿನ ತಿಳಿಸಾರು ಉಂಡ್ಕೊಂಡು ಸುಮ್ನಿದ್ವು. ನಿನ್ನ ಸಹವಾಸಕ್ಕೆ ಬಂದು ಕೆಟ್ವು ನೋಡು."

ನಾನು ತಲೆ ತಗ್ಗಿಸಿದೆ. ಅವರು ಹೊರಡುವರೆಂದುಕೊಂಡರೆ, ಮತ್ತೆ ಬಾಗಿ ಗೆರೆಯ ಪಕ್ಕದ ಆ ಚುಕ್ಕಿಗಳನ್ನು ಇಣುಕಿ ನೋಡತೊಡಗಿದರು.

"ಎಷ್ಟು ಸಣ್ಣಗಿವೆಯೇ, ಪಾಪ," ಎಂದರು. ಆಮೇಲೆ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ದನಿ ತಗ್ಗಿಸಿ ಹೇಳಿದರು: "ಹೋಗ್ಲಿ, ಬೆಳೆಯೋ ಮಕ್ಳು. ಕೇಳಿದ್ದು ಹಾಕು."