ಅಕ್ಕನ ಕಾಲುಬೆರಳು

ನನ್ನ ಅಕ್ಕ ಕುಳ್ಳಿ. ಹಾಗೆ ಹೇಳಿದರೆ ಐವತ್ತು ದಾಟಿದ ಮೇಲೂ ಅವಳಿಗೆ ಕೋಪ ಬರುತ್ತದೆ, ಅದಕ್ಕೇ ನಾನು ಹೇಳುತ್ತೇನೆ. ಮಿಜಾರಿನ ಒಂದು ಕಾಲೇಜಿನ ಆಫೀಸಿನಲ್ಲಿ ಅವಳಿಗೆ ಕೆಲಸ. ಅಲ್ಲಿಗೆ ಹೋಗಲು ಮುಂದೆ ಚೂಪಾದ, ಹಿಂದೆ ಹೀಲ್ಸ್ ಇರುವ ಕಪ್ಪು ಶೂ ಬೇಕೇ ಬೇಕು. ಸೀರೆಯ ನೆರಿಗೆ ನೆಲ ಗುಡಿಸಬಾರದಂತೆ, ಕೌಂಟರಿನ ಆಚೆ ನಿಂತ ಮಕ್ಕಳಿಗೆ ಅವಳ ಮುಖ ಕಾಣಬೇಕಂತೆ. ಬಿ.ಸಿ. ರೋಡಿನ ಚಪ್ಪಲಿ ಅಂಗಡಿಯಲ್ಲಿ ಒಂದು ಸೈಜು ದೊಡ್ಡದು ತಗೋ ಎಂದು ನಾನು ಬೊಬ್ಬೆ ಹೊಡೆದರೆ, "ಹಾಕಿ ಹಾಕಿ ಸಡಿಲ ಆಗ್ತದೆ, ನೀನು ಸುಮ್ಮನಿರು ಮಾರಾಯ್ತಿ" ಎನ್ನುವವಳು. ಶೂ ಸಡಿಲವಾಗಲಿಲ್ಲ, ಬೆರಳುಗಳೇ ಒಂದರ ಮೇಲೊಂದು ಏರಿ ಕೂತವು.

ಅದರ ಮೇಲೆ ಶುಗರ್ ಬೇರೆ. ಪಾದ ಮರದ ಹಾಗೆ ಆಗಿದೆ, ಮುಟ್ಟಿದರೆ ಗೊತ್ತಾಗುವುದಿಲ್ಲ ಎಂದು ಅವಳೇ ಒಮ್ಮೆ ನಗುತ್ತಾ ಹೇಳಿದ್ದಳು. ಡಾಕ್ಟರು ಹೇಳಿದರೆಂದು ಶುಗರಿನವರು ಹಾಕುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ತಂದಿದ್ದಳು ನಿಜ. ಅದು ಬಟ್ಟೆ ಒಣಹಾಕಲು ಹಿತ್ತಿಲಿಗೆ ಹೋಗುವಾಗ ಮಾತ್ರ. "ಅದನ್ನು ಹಾಕಿ ಆಫೀಸಿಗೆ ಹೋದ್ರೆ ನಿಮಗೆ ಎಂತ ರೋಗ ಅಂತ ಎಲ್ಲರೂ ಕೇಳ್ತಾರೆ" ಎನ್ನುತ್ತಿದ್ದಳು.

ಮಳೆಗಾಲದ ಒಂದು ಶನಿವಾರ ನಾನು ಬಂಟ್ವಾಳದಿಂದ ಪುತ್ತಿಗೆಗೆ, ಅವಳ ಮನೆಗೆ ಹೋಗಿದ್ದೆ. ಭಾವ ಮಸ್ಕತ್ತಿನಲ್ಲಿದ್ದಾರೆ. ಮನೆಯಲ್ಲಿ ಅಕ್ಕ ಮತ್ತು ಅವಳ ಅತ್ತೆ. ಆ ಅತ್ತೆಯನ್ನು ನಾವಿಬ್ಬರೂ ಮಾಮಿ ಎಂದೇ ಕರೆಯುವುದು. ಮಧ್ಯಾಹ್ನ ಆಫೀಸಿನಿಂದ ಬಂದ ಅಕ್ಕ ಜಗಲಿಯಲ್ಲಿ ಒದ್ದೆ ಶೂ ಕಳಚಿದಳು. ಬಲಗಾಲಿನ ಎರಡನೇ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಊದಿದ ಮಾಂಸದೊಳಗೆ ಕಾಲುಂಗುರ ಹೂತುಹೋಗಿತ್ತು.

"ಅಯ್ಯೋ, ಇದೆಂತ ಅಕ್ಕಾ?"

"ಎಂತ?" ಎಂದು ಅವಳು ಬಗ್ಗಿ ನೋಡಿದಳು. ನೋವಾದರೆ ತಾನೆ ಗೊತ್ತಾಗುವುದು! ಬೆಳಗಿನಿಂದ ಆ ಚೂಪು ಶೂ ಬೆಳ್ಳಿಯನ್ನು ಬೆರಳಿಗೆ ಒತ್ತಿಹಿಡಿದಿತ್ತು, ಇವಳು ಅದರಲ್ಲೇ ಮೆಟ್ಟಿಲು ಹತ್ತಿ ಇಳಿದಿದ್ದಳು. ನನಗೆ ಅಳು ಬರುವ ಬದಲು ಸಿಟ್ಟು ನೆತ್ತಿಗೇರಿತು. ಶೂ ಎತ್ತಿ ಅಂಗಳಕ್ಕೆ ಎಸೆದೆ. ತೆಂಗಿನೆಣ್ಣೆ ಹಚ್ಚಿ ಎಳೆದರೂ ಉಂಗುರ ಅಲ್ಲಾಡಲಿಲ್ಲ. ರಿಕ್ಷಾ ಕರೆದು ಮೂವರೂ ಮೂಡುಬಿದಿರೆಯ ಆಸ್ಪತ್ರೆಗೆ ಹೋದೆವು.

ಡಾಕ್ಟರು ಬೆರಳನ್ನು ಒತ್ತಿ ನೋಡಿದರು. "ರಕ್ತ ಹೋಗ್ತಾ ಇಲ್ಲ. ಉಂಗುರ ಈಗಲೇ ಕತ್ತರಿಸಬೇಕು. ತಡ ಮಾಡಿದ್ರೆ ಬೆರಳೇ ತೆಗಿಬೇಕಾಗ್ತದೆ. ಶುಗರ್ ಇರುವವರಿಗೆ ಅದು ಒಂದು ಬೆರಳಿಗೆ ನಿಲ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಆಗುದಿಲ್ಲ."

"ಎಂತ ಆಗುದಿಲ್ಲ?" ಎಂದೆ ನಾನು.

"ಕಾಲುಂಗುರ ಯಾವಾಗ ತೆಗಿಯುದು ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಗಂಡ ಸತ್ತಾಗ. ಕಳೆದ ವರ್ಷವಷ್ಟೇ ಭಾವನ ಎದೆಗೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಫೋನು ರಿಂಗಾದರೆ ಅಕ್ಕ ಬೆಚ್ಚುತ್ತಿದ್ದಳು. ಅವರನ್ನು ಕೇಳದೆ ಆಗುವುದಿಲ್ಲವೆಂದು ಅಲ್ಲಿಂದಲೇ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. "ಡ್ಯೂಟಿಯಲ್ಲಿ ಇರ್ಬೇಕು. ಮುಗಿಲಿ, ಕಾಯುವ" ಎಂದಳು. ಕಾಯುವಂತಿಲ್ಲ ಎಂದು ಡಾಕ್ಟರು ಗಡಿಯಾರ ನೋಡಿದರು.

ನನ್ನ ಬಾಯಿ ನಿಲ್ಲಲಿಲ್ಲ. "ಬೆರಳು ಹೋದ ಮೇಲೆ ಉಂಗುರ ಎಲ್ಲಿಗೆ ಹಾಕ್ತಿ, ಮೂಗಿಗಾ?"

"ನಿನಗೆ ಹೇಳ್ಲಿಕ್ಕೆ ಸುಲಭ. ನಿನ್ನ ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲಿ ಇದ್ದಾರಲ್ಲ!" ಅವಳು ಗಳಗಳ ಅತ್ತುಬಿಟ್ಟಳು. ಅವಳ ಹೆದರಿಕೆ ಸುಳ್ಳಲ್ಲ ಎಂದು ಆಗ ನನಗೆ ಹೊಳೆಯಿತು. ಆದರೆ ಬೆರಳು ನಮ್ಮ ಕಣ್ಣೆದುರೇ ಇನ್ನಷ್ಟು ಕಪ್ಪಾಗುತ್ತಿತ್ತು.

ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಮಾಮಿ ಬಂದು ನೆಲದ ಮೇಲೆ ಕೂತರು. ಅಕ್ಕನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡರು. ಅತ್ತೆ ಸೊಸೆಯ ಕಾಲು ಹಿಡಿಯುವುದೆಂದರೇನು! ಅಕ್ಕ ಗಾಬರಿಬಿದ್ದು, "ಬೇಡ ಮಾಮಿ, ಬೇಡ" ಎಂದು ಕೊಸರಿದಳು. ಮಾಮಿ ಬಿಡಲಿಲ್ಲ.

"ಮದುವೆ ಆದ ಮೇಲೆ ನಾನು ಒಂದು ದಿವಸವೂ ಇದನ್ನು ತೆಗೆದವಳಲ್ಲ" ಎಂದರು. "ಬಸುರಿನಲ್ಲಿ ಕಾಲು ಊದಿದಾಗಲೂ ಇಲ್ಲ. ಆದ್ರೂ ನಿನ್ನ ಮಾವ ಹೋದ್ರಲ್ಲ. ಇದು ಅವರನ್ನು ಹಿಡಿದು ನಿಲ್ಲಿಸಿತಾ? ನೀವು ಕತ್ತರಿಸಿ ಡಾಕ್ಟ್ರೇ."

ಅಕ್ಕ ಕಣ್ಣು ಮುಚ್ಚಿಕೊಂಡಳು. ಸಣ್ಣ ಚಕ್ರದ ಕಟ್ಟರ್ ಕರ್ರೆಂದಿತು. ಬೆಳ್ಳಿ ಬಾಯಿಬಿಟ್ಟು ಕಳಚಿಕೊಂಡಿತು, ಬೆರಳಿನ ಸುತ್ತ ಆಳವಾದ ಗೀರು. ಡಾಕ್ಟರು ಉಗುರು ಒತ್ತಿ ಬಿಟ್ಟರು. ಏನೂ ಆಗಲಿಲ್ಲ. ಬಿಸಿ ಬಟ್ಟೆ ಸುತ್ತಿ ಕಾದರು, ಮತ್ತೆ ಒತ್ತಿದರು. ಬಿಳಿಚಿದ ಉಗುರಿನೊಳಗೆ ನಿಧಾನವಾಗಿ ಒಂದು ಚೂರು ಕೆಂಪು ಮೂಡಿತು.

"ಬರ್ತಾ ಉಂಟು" ಎಂದರು ಡಾಕ್ಟರು. "ಬೆರಳು ಉಳಿತದೆ. ಇನ್ನು ಆ ಶೂ ಹಾಕಿದ್ರೆ ಮಾತ್ರ ನನ್ನ ಹತ್ತಿರ ಬರ್ಬೇಡಿ." ಅಕ್ಕ ಮೂಗೊರೆಸಿಕೊಂಡು, ಬೈಸಿಕೊಂಡ ಶಾಲೆ ಹುಡುಗಿಯ ಹಾಗೆ ತಲೆಯಾಡಿಸಿದಳು.

ಸುದ್ದಿ ಹೇಳೋಣವೆಂದು ತಿರುಗಿದರೆ ಮಾಮಿ ಅಲ್ಲಿರಲಿಲ್ಲ. ಹೊರಗೆ ಬಂದು ನೋಡಿದೆ. ಮೆಡಿಕಲ್ ಶಾಪಿನ ಪಕ್ಕ ಗೋಡೆಗೆ ಒರಗಿ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡಿದ್ದರು. ರಿಂಗು ನಿಂತಿತು. ಮತ್ತೆ ಮಾಡಿದರು. ಮತ್ತೆ ನಿಂತಿತು. ನಾನು ಹತ್ತಿರ ಹೋದರೆ ಮಾತಾಡಬೇಡವೆಂದು ತಲೆಯಾಡಿಸಿದರು. ಕೊನೆಗೊಮ್ಮೆ ಆ ಕಡೆಯಿಂದ ಭಾವನ ಸ್ವರ ನನಗೂ ಕೇಳಿಸಿತು.

"ಏನಿಲ್ಲ ಮಗಾ, ಸುಮ್ಮನೆ ಮಾಡಿದ್ದು" ಎಂದರು ಮಾಮಿ, ಗೋಡೆಗುಂಟ ಜಾರಿ ಕೂರುತ್ತಾ. "ಊಟ ಆಯ್ತಾ?"